ಈರಿ ಸರೋವರದ ಕೆಸರು ನುಡಿದ ಸಾಕ್ಷಿ

ಉತ್ತರ ಅಮೆರಿಕದ ಈರಿ ಸರೋವರದ ದಡದಲ್ಲಿರುವ ಊರುಗಳಲ್ಲಿ ಹಿಂದೆ ಜೂನ್ ತಿಂಗಳು ಬಂತೆಂದರೆ ಬೀದಿದೀಪಗಳಿಗೆಲ್ಲ ಹುಳು ಮುತ್ತುತ್ತಿದ್ದವು. ನಮ್ಮಲ್ಲಿ ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಬೀಳುವುದಿಲ್ಲವೆ, ಹಾಗೆ. ಆದರೆ ಅದರ ಎಷ್ಟೋ ಪಟ್ಟು. ಸತ್ತ ಹುಳುಗಳನ್ನು ಸಲಿಕೆಯಿಂದ ಬಾಚಬೇಕಾಗುತ್ತಿತ್ತು. 'ಮೇ ಫ್ಲೈ' ಎಂಬ ಈ ಕೀಟ ರೆಕ್ಕೆ ಬಂದ ಮೇಲೆ ಉಣ್ಣುವುದೂ ಇಲ್ಲ. ಒಂದೆರಡು ದಿನ ಹಾರಾಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಅದರ ಆಯುಷ್ಯವೆಲ್ಲ ಕಳೆಯುವುದು ಮರಿಯಾಗಿ, ಸರೋವರದ ತಳದ ಕೆಸರಿನ ಬಿಲದಲ್ಲಿ, ಕಿವಿರುಗಳಿಂದ ಉಸಿರಾಡುತ್ತ.

1953ರ ಬೇಸಗೆಯ ಕೊನೆಯಲ್ಲಿ ಸರೋವರದ ಪಶ್ಚಿಮ ಭಾಗದಲ್ಲಿ ಕೆಲವು ದಿನ ಗಾಳಿಯಾಡಲಿಲ್ಲ. ಅಲ್ಲಿ ಸರಾಸರಿ ಆಳ 7-8 ಮೀಟರ್ ಮಾತ್ರ. ಎಂದಿನ ಗಾಳಿ ನೀರನ್ನು ತಳದವರೆಗೂ ಕಲಕುತ್ತದೆ. ಗಾಳಿ ನಿಂತೊಡನೆ ಬೆಚ್ಚನೆಯ ನೀರು ಮೇಲೆ, ತಣ್ಣನೆಯದು ಕೆಳಗೆ ಎಂದು ಬೇರೆಯಾಯಿತು. ಕೆಳಗಿದ್ದ ಆಮ್ಲಜನಕವನ್ನು ತಳದ ಕೊಳೆ ಮುಗಿಸಿಬಿಟ್ಟಿತು. ಆ ಸೆಪ್ಟೆಂಬರಿನಲ್ಲಿ ಬ್ರಿಟ್ ಎಂಬ ಪ್ರಾಣಿವಿಜ್ಞಾನಿ ಕೆಸರೆತ್ತಿ ನೋಡಿದರೆ, ಸತ್ತ ಮರಿಗಳು! ಅದಕ್ಕೆ ಮುಂಚೆ ಚದರ ಮೀಟರಿಗೆ ಸುಮಾರು 400 ಇದ್ದವು. 1961ರ ಸಮೀಕ್ಷೆಯಲ್ಲಿ ಸರಾಸರಿ ಒಂದೂ ಇರಲಿಲ್ಲ. ಉಸಿರಿಗೆ ಅಷ್ಟಾಗಿ ಪರದಾಡದ ಕೆಂಪು ಕೆಸರುಹುಳುಗಳು ನದಿಗಳ ಬಾಯಿಯಲ್ಲಿ ತುಂಬಿಕೊಂಡಿದ್ದವು.

ಸಲಿಕೆ ಹಿಡಿಯುವ ಕಷ್ಟ ತಪ್ಪಿದ್ದಕ್ಕೆ ಯಾರು ತಾನೇ ಅತ್ತಾರು? ಆದರೆ ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1908-09ರಲ್ಲಿಯೇ ಇಂಥ ಸಾಕ್ಷ್ಯದ ಬೆಲೆಯನ್ನು ತೋರಿಸಿಕೊಟ್ಟಿದ್ದರು: ಯಾವ ಜೀವಿ ಎಷ್ಟು ಕೊಳೆ ಸಹಿಸುತ್ತದೆಂದು ತಿಳಿದರೆ, ಅದಿರುವುದನ್ನು ಕಂಡೇ ನೀರಿನ ಸ್ಥಿತಿಯನ್ನು ಹೇಳಬಹುದು. ಸೀಸೆಯಲ್ಲಿ ತುಂಬಿದ ನೀರು ಆ ಗಳಿಗೆಯ ಸುದ್ದಿಯನ್ನಷ್ಟೇ ಹೇಳೀತು. ಕೆಸರಿನ ಮರಿಯಾದರೋ ವರ್ಷವಿಡೀ ಅಲ್ಲಿಯೇ ಇದ್ದದ್ದು.

ಊರಿನ ಚರಂಡಿ, ಹೊಲದ ಗೊಬ್ಬರ, ಬಟ್ಟೆಯೊಗೆಯುವ ಪುಡಿ, ಇವುಗಳಿಂದ ಬಂದ ರಂಜಕವೇ ಪಾಚಿಯನ್ನು ಬೆಳೆಸಿತ್ತು. ಸತ್ತ ಪಾಚಿ ತಳಕ್ಕಿಳಿದು ಕೊಳೆಯುತ್ತಿತ್ತು. 1972ರಲ್ಲಿ ಅಮೆರಿಕ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡು ರಂಜಕಕ್ಕೆ ಕಡಿವಾಣ ಹಾಕಿದವು. 1990ರ ದಶಕದ ಆರಂಭದಲ್ಲಿ ಹುಳುಗಳು ಮರಳಿದವು. ಹವಾಮಾನದ ರೇಡಾರಿನಲ್ಲಿ ಮೋಡದಂತೆ ಕಾಣುವಷ್ಟು! ಈ ಸಲ ಸಲಿಕೆ ಹಿಡಿದವರಲ್ಲಿ ಸಂತೋಷಪಟ್ಟವರೂ ಇದ್ದರು.

ಆದರೂ ಕೆಸರಿನ ಸಾಕ್ಷಿ ಹೇಳುವುದು ಮುಖ್ಯವಾಗಿ ತಳದ ಆಮ್ಲಜನಕದ ಸಂಗತಿ, ಎಲ್ಲ ವಿಷದ ಸಂಗತಿಯಲ್ಲ. ಹೊಲಗಳಿಂದ ಹರಿದುಬರುವ ರಂಜಕ ನಿಂತಿರಲಿಲ್ಲ. 2014ರ ಆಗಸ್ಟಿನಲ್ಲಿ ಪಾಚಿಯ ವಿಷ ನಲ್ಲಿಗೆ ಬಂದು, ಟೊಲೀಡೊ ಪಟ್ಟಣದ ಸುತ್ತಿನ ಸುಮಾರು 5 ಲಕ್ಷ ಜನರಿಗೆ ನೀರು ಕುಡಿಯಬೇಡಿರೆಂದು ಡಂಗುರವಾಯಿತು. ಕುದಿಸಿಯೂ ಕುಡಿಯುವಂತಿರಲಿಲ್ಲ, ಕುದಿಸಿದರೆ ವಿಷ ಇನ್ನೂ ಸಾಂದ್ರವಾಗುತ್ತಿತ್ತು.