ಹಿತ್ತಾಳೆ ತೋಟಾದ ಹದ

ಬಂದೂಕಿನ ತೋಟಾದಲ್ಲಿ ಗುಂಡು, ಮದ್ದು, ಕೇಪು ಈ ಮೂರೂ ಒಂದೇ ಸಲಕ್ಕೆ ಮುಗಿದುಹೋಗುತ್ತವೆ. ಉಳಿಯುವುದು ಹಿತ್ತಾಳೆಯ ಕೊಳವೆ ಮಾತ್ರ. ಮದ್ದು ಹೊತ್ತಿದ ಕ್ಷಣದಲ್ಲಿ ಈ ಕೊಳವೆ ಉಬ್ಬಿ, ನಳಿಗೆಯ ಹಿಂಬದಿಯ ಗೂಡಿನ ಗೋಡೆಗೆ ಅಂಟಿಕೊಂಡು, ಕಾದ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯಬೇಕು. ಒತ್ತಡ ಇಳಿದ ಕೂಡಲೇ ತುಸು ಕುಗ್ಗಿ ಸಲೀಸಾಗಿ ಹೊರಬರಬೇಕು. ಅದಕ್ಕೆ ಬುಡ ಗಟ್ಟಿಯಿರಬೇಕು, ಕತ್ತು ಮೆತ್ತಗಿರಬೇಕು. ಒಂದೇ ಲೋಹದ ಒಂದೇ ತುಂಡಿನಲ್ಲಿ ಈ ಎರಡು ಗುಣಗಳನ್ನು ಕೂಡಿಸುವ ಕಸುಬು ಕೈಗೆ ಹತ್ತಲು ದಶಕಗಳೇ ಹಿಡಿದವು. ಅದರ ಕೊನೆಯ ದೊಡ್ಡ ಒಗಟು ಬಿಡಿಸಿಕೊಂಡದ್ದು 1921ರಲ್ಲಿ. ಆ ಒಗಟು ಹುಟ್ಟಿದ್ದು ಭಾರತದ ಕುದುರೆ ಲಾಯಗಳಲ್ಲಿ.

ಹಿತ್ತಾಳೆ ಬರುವುದಕ್ಕೆ ಮುಂಚೆ ತೋಟಾ ಎಂದರೆ ಮದ್ದನ್ನೂ ಗುಂಡನ್ನೂ ಸುತ್ತಿಟ್ಟ ಕಾಗದದ ಪೊಟ್ಟಣ. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕು ಹಿಡಿದ ಸಿಪಾಯಿ ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡನ್ನು ಸಲಾಕೆಯಿಂದ ಒಳಗೆ ತಳ್ಳಬೇಕಿತ್ತು. ಆ ಕಾಗದಕ್ಕೆ ಸವರಿದ ಜಿಡ್ಡು ಹಸು ಮತ್ತು ಹಂದಿಯ ಕೊಬ್ಬಿನದೆಂಬ ಮಾತು 1857ರ ಆರಂಭದಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್‌ನಿಂದ ಹಬ್ಬಿತು. ಮುಂದೆ ಏನಾಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿದೆ.

ಹತ್ತು ವರ್ಷ ತುಂಬುವುದರೊಳಗೆ ಕಚ್ಚುವ ಕೆಲಸವೇ ಇಲ್ಲವಾಯಿತು. 1866ರಲ್ಲಿ ಬ್ರಿಟಿಷ್ ಸೈನ್ಯ ಹಳೆಯ ಎನ್‌ಫೀಲ್ಡ್ ಬಂದೂಕುಗಳ ಹಿಂಬದಿಯನ್ನು ಕತ್ತರಿಸಿ, ಅಲ್ಲಿ ಸ್ನೈಡರ್ ಮಾದರಿಯ ಮುಚ್ಚಳ ಕೂರಿಸಿತು. ಹಿಂದಿನಿಂದ ತುಂಬುವ ಈ ಬಂದೂಕಿಗೆ ತೋಟಾ ರೂಪಿಸಿದವನು ವುಲಿಚ್‌ನ ರಾಯಲ್ ಲ್ಯಾಬೊರೇಟರಿಯ ಮೇಲ್ವಿಚಾರಕ ಎಡ್ವರ್ಡ್ ಬಾಕ್ಸರ್. ತೆಳು ಹಿತ್ತಾಳೆ ತಗಡನ್ನು ಸುರುಳಿ ಸುತ್ತಿ, ಬುಡಕ್ಕೆ ಕಬ್ಬಿಣದ ಬಿಲ್ಲೆ ಕೂರಿಸಿದ ತೋಟಾ ಅದು. ಅಗ್ಗದ್ದು, ಹಗುರವಾದದ್ದು, ಆ ಕಾಲಕ್ಕೆ ಅದು ಜಾಣ ಉಪಾಯವೇ ಆಗಿತ್ತು. ಆದರೆ 1871ರಲ್ಲಿ ಬಂದ ಮಾರ್ಟಿನಿ–ಹೆನ್ರಿ ಬಂದೂಕಿನಲ್ಲಿ ಮದ್ದು ಹೆಚ್ಚಿದಾಗ ಸುರುಳಿಯ ದೌರ್ಬಲ್ಯ ಬಯಲಾಯಿತು. ನಳಿಗೆ ಕಾದು, ಮರಳು ಸೇರಿ, ತಗಡು ಗೂಡಿಗೆ ಕಚ್ಚಿಕೊಂಡರೆ ಎಳೆಯುವ ಕೊಕ್ಕೆ ಬುಡವನ್ನಷ್ಟೇ ಕಿತ್ತು ತರುತ್ತಿತ್ತು, ಮೈ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಸುಡಾನಿನ ಮರಳುಗಾಡಿನಲ್ಲಿ, 1885ರ ಜನವರಿಯ ಅಬು ಕ್ಲಿಯ ಕದನದಲ್ಲಿ, ಶತ್ರು ಮೈಮೇಲೆ ಬೀಳುತ್ತಿರುವಾಗ ಬಂದೂಕುಗಳು ಹೀಗೆ ಕೈಕೊಟ್ಟವು. ಸುರುಳಿಯ ಬದಲು ಒಂದೇ ತುಂಡಿನಿಂದ ಎಳೆದು ಮಾಡಿದ ಗಟ್ಟಿ ಹಿತ್ತಾಳೆಯ ಕೊಳವೆ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು ಅದೇ ವರ್ಷ.

ಬಾಕ್ಸರ್‌ನ ಸುರುಳಿ ಹೋಯಿತು, ಅವನ ಕೇಪು ಉಳಿಯಿತು. ಸೂಜಿ ಬಡಿದಾಗ ಕೇಪಿನೊಳಗಿನ ಮದ್ದು ಸಿಡಿಯಲು ಎದುರಿಗೊಂದು ಪುಟ್ಟ ಅಡಿಗಲ್ಲು ಬೇಕು. ಬಾಕ್ಸರ್ ಅದನ್ನು ಕೇಪಿನೊಳಗೇ ಇಟ್ಟ. ಕೊಳವೆಯ ಬುಡದಲ್ಲಿ ಕಿಡಿ ಹಾಯಲು ನಡುವೆ ಒಂದೇ ತೂತು ಸಾಕಾಯಿತು. ಅಮೆರಿಕದ ಹೈರಮ್ ಬರ್ಡನ್ ಅದೇ ಕಾಲದಲ್ಲಿ ಅಡಿಗಲ್ಲನ್ನು ಕೊಳವೆಯ ಬುಡದಲ್ಲೇ ಮೂಡಿಸಿ, ಅದರ ಅಕ್ಕಪಕ್ಕ ಎರಡು ಸಣ್ಣ ತೂತು ಕೊರೆದ. ಇಂಗ್ಲೆಂಡಿನವನ ವಿಧಾನ ಕೊನೆಗೆ ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕದವನದು ಯೂರೋಪಿನಲ್ಲಿ. ನಡುವಿನ ಒಂಟಿ ತೂತಿಗೆ ಬಾಯಿಯ ಕಡೆಯಿಂದ ಕಡ್ಡಿ ಇಳಿಸಿದರೆ ಸುಟ್ಟ ಕೇಪು ಹೊರಬೀಳುತ್ತದೆ. ಬರ್ಡನ್ ಕೊಳವೆಯಲ್ಲಿ ಅದು ಆಗದು. ತೋಟಾವನ್ನು ಮನೆಯಲ್ಲೇ ಮರಳಿ ತುಂಬುವ ಹವ್ಯಾಸ ಅಮೆರಿಕದಲ್ಲಿ ಬೇರೂರಲು ಈ ಒಂದು ತೂತಿನ ಪಾಲು ದೊಡ್ಡದು.

ಎಳೆದು ಮಾಡುವ ಕೊಳವೆಗೆ ಬಳಸಿದ್ದು ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತುವಿನ ಹಿತ್ತಾಳೆ. ಹರಿಯದೆ ಹಿಗ್ಗುವುದರಲ್ಲಿ ಈ ಪಾಕಕ್ಕೆ ಸಾಟಿಯಿಲ್ಲ. ದಪ್ಪ ತಗಡಿನಿಂದ ಬಿಲ್ಲೆ ಕತ್ತರಿಸಿ, ಪ್ರೆಸ್ಸಿನಲ್ಲಿ ಒತ್ತಿ ಬಟ್ಟಲು ಮಾಡುತ್ತಾರೆ. ಬಟ್ಟಲನ್ನು ಒಂದಕ್ಕಿಂತ ಒಂದು ಕಿರಿದಾದ ಅಚ್ಚುಗಳಲ್ಲಿ ಉಕ್ಕಿನ ದಿಂಡಿನಿಂದ ತಳ್ಳಿದಾಗ ಗೋಡೆ ತೆಳುವಾಗಿ ಉದ್ದವಾಗುತ್ತದೆ, ತಳ ಮಾತ್ರ ದಪ್ಪವಾಗಿಯೇ ಉಳಿಯುತ್ತದೆ. ಪ್ರತಿ ಎಳೆತಕ್ಕೂ ಹಿತ್ತಾಳೆ ಗಡುಸಾಗುತ್ತದೆ. ಹಾಗೆಯೇ ಮುಂದುವರಿಸಿದರೆ ಸೀಳುತ್ತದೆ. ಬಿಂದಿಗೆ ಬಡಿಯುವ ಕಂಚುಗಾರ ನಡುನಡುವೆ ಅದನ್ನು ಕುಲುಮೆಗಿಟ್ಟು ಕೆಂಪಗೆ ಕಾಯಿಸುವಂತೆ ಇಲ್ಲಿಯೂ ಎಳೆತದಿಂದ ಎಳೆತಕ್ಕೆ ಕಾಯಿಸಿ, ಆಮ್ಲದಲ್ಲಿ ತೊಳೆದು, ಮತ್ತೆ ಎಳೆಯಬೇಕು. ಬುಡವನ್ನು ಒತ್ತಿ ಕೇಪಿನ ಗುಳಿ ಮೂಡಿಸಿದ ಮೇಲೆ ಮಾತ್ರ ಅದಕ್ಕೆ ಬೆಂಕಿ ತಾಗಿಸುವುದಿಲ್ಲ, ಆ ಗಡಸುತನವೇ ಅಲ್ಲಿಗೆ ಬೇಕಾದದ್ದು. ಬಾಯಿಯ ಕಡೆಗಷ್ಟೇ ಜ್ವಾಲೆ ತೋರಿಸಿ, ಒತ್ತಿ ಕತ್ತು ಕಿರಿದು ಮಾಡಿ, ಕೊನೆಗೆ ಕತ್ತಿಗೆ ಮತ್ತೊಮ್ಮೆ ಜ್ವಾಲೆ.

ಈ ಕೊನೆಯ ಜ್ವಾಲೆಗೆ ಅವಕಾಶವಿಲ್ಲದ ತೋಟಾ ಒಂದಿತ್ತು. ಬ್ರಿಟಿಷ್ ಸೈನ್ಯ 1888ರಲ್ಲಿ ಒಪ್ಪಿಕೊಂಡ ಲೀ–ಮೆಟ್‌ಫರ್ಡ್ ಬಂದೂಕಿನ .303 ತೋಟಾಕ್ಕೆ ಕೆಲವೇ ವರ್ಷಗಳಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂತು. ಅದು ಪುಡಿಯಲ್ಲ, ಶಾವಿಗೆಯಂಥ ಎಳೆಗಳ ಕಟ್ಟು. ಕಿರಿದಾದ ಕತ್ತಿನ ಮೂಲಕ ಆ ಕಟ್ಟು ತೂರದು. ಅದಕ್ಕಾಗಿ ಕೊಳವೆ ಇನ್ನೂ ನೆಟ್ಟಗಿರುವಾಗಲೇ ಕಾರ್ಡೈಟ್ ತುಂಬಿ, ಆಮೇಲೆ ಕತ್ತು ಒತ್ತುತ್ತಿದ್ದರು. ಒಳಗೆ ಮದ್ದಿರುವಾಗ ಬೆಂಕಿಯ ಮಾತೇ ಇಲ್ಲ. ಒತ್ತಿದಾಗ ಸೇರಿದ ಬಿಗುವು ಲೋಹದಲ್ಲೇ ಉಳಿಯುತ್ತಿತ್ತು.

ಹೀಗೆ ಲೋಹದಲ್ಲಿ ಉಳಿದ ಬಿಗುವು ಎಂಥ ಅಪಾಯವೆಂದು ತೋರಿಸಿದ್ದು ಭಾರತದ ಮಳೆಗಾಲ. ಮಳೆ ಹಿಡಿದರೆ ಸೈನ್ಯದ ಚಟುವಟಿಕೆ ತಗ್ಗುತ್ತಿತ್ತು, ತೋಟಾಗಳನ್ನು ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ಪೆಟ್ಟಿಗೆ ತೆರೆದರೆ, ಯಾರೂ ಮುಟ್ಟದ ತೋಟಾಗಳಲ್ಲಿ ಬಿರುಕು! ಅದೂ ಹೆಚ್ಚಾಗಿ ಗುಂಡನ್ನು ಅಪ್ಪಿ ಹಿಡಿದ ಕತ್ತಿನ ಭಾಗದಲ್ಲೇ. ಇದಕ್ಕೆ ಋತುಬಿರುಕು ಎಂಬ ಹೆಸರು ಬಿತ್ತು. ಕಾರಣ ತೋರಿಸಿದವರು ಇಂಗ್ಲೆಂಡಿನ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್, 1921ರಲ್ಲಿ. ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ತೇವದ ಗಾಳಿ, ಲೋಹದೊಳಗೆ ಉಳಿದ ಬಿಗುವು ಇವೆಲ್ಲ ಕೂಡಿದಾಗ ಹಿತ್ತಾಳೆ ತಾನಾಗಿ ಸೀಳುತ್ತದೆ. ಅಮೋನಿಯವಿದ್ದೂ ಬಿಗುವು ಇಲ್ಲದಿದ್ದರೆ ಬಿರುಕಿಲ್ಲ. ಪರಿಹಾರವೂ ಇದರಲ್ಲೇ ಇತ್ತು: ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹದವಾಗಿ ಕಾಯಿಸಿದರೆ ಗಡಸುತನ ಹೆಚ್ಚು ಕಳೆಯದೆ ಬಿಗುವು ಸಡಿಲವಾಗುತ್ತದೆ. ಲೋಹಶಾಸ್ತ್ರಕ್ಕೆ ಇದು ತೋಟಾವನ್ನು ಮೀರಿದ ಪಾಠವಾಯಿತು. ಬಾಯ್ಲರು, ಸೇತುವೆ, ವಿಮಾನಗಳಲ್ಲಿ ಕಾಣಿಸುವ ಇಂಥದೇ ಬಿರುಕುಗಳ ಅಧ್ಯಯನದಲ್ಲಿ ಲಾಯದ ತೋಟಾ ಇಂದಿಗೂ ಮೊದಲ ಉದಾಹರಣೆ. ಖಾಲಿ ಕೊಳವೆಗಳನ್ನು ಅಮೋನಿಯವಿರುವ ಪಾಲಿಶಿನಿಂದ ಉಜ್ಜಬಾರದೆಂಬ ನಿಯಮವೂ ಇದನ್ನೇ ಆಧರಿಸಿದೆ.

ಕೊಳವೆಯನ್ನು ಮತ್ತೆ ಮತ್ತೆ ಬಳಸುವ ರೂಢಿ ಕಾರ್ಖಾನೆ ದೂರವಿದ್ದ ಕಡೆ ಬೆಳೆಯಿತು. 1870ರ ದಶಕದ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆ ಬೇಟೆಗಾರರು ಸೀಸ, ಮದ್ದು, ಕೇಪುಗಳನ್ನು ಬಂಡಿಯಲ್ಲಿ ಹೇರಿಕೊಂಡು ಹೋಗಿ, ರಾತ್ರಿ ಬಿಡಾರದಲ್ಲಿ ಹಿತ್ತಾಳೆ ಕೊಳವೆಗಳನ್ನು ತುಂಬಿಕೊಳ್ಳುತ್ತಿದ್ದರು. ಕೇಪನ್ನು ಒಳಗೇ ಹುದುಗಿಸಿದ ತನ್ನ ತಾಮ್ರದ ತೋಟಾವನ್ನು ಬಿಟ್ಟು ಹೊರಗಿನಿಂದ ಕೇಪು ಕೂರಿಸುವ ತೋಟಾ ಹಿಡಿದ ಮೇಲೆ ಅಮೆರಿಕದ ಸೈನ್ಯವೂ ಗುರಿ ಅಭ್ಯಾಸಕ್ಕಾಗಿ ತುಕಡಿಗಳಿಗೆ ಮರುತುಂಬುವ ಸಲಕರಣೆ ಕೊಟ್ಟಿತು. ಜಾನ್ ಬಾರ್ಲೊ 1884ರಲ್ಲಿ ಕಟ್ಟಿದ ಐಡಿಯಲ್ ಕಂಪನಿಯ ಇಕ್ಕಳದಂಥ ಉಪಕರಣಗಳು ಸಾಮಾನ್ಯ ಬೇಟೆಗಾರನ ಕೈಗೂ ಸಿಕ್ಕವು.

ಗುರಿಕಾರರಿಗೆ ಬೇಕಾದದ್ದು ಉಳಿತಾಯವಲ್ಲ, ಒಂದು ತೋಟಾದಂತೆಯೇ ಇನ್ನೊಂದು ಇರುವುದು. ನ್ಯೂಯಾರ್ಕಿನ ಕ್ರೀಡ್‌ಮೂರ್‌ನಲ್ಲಿ 1874ರಲ್ಲಿ ಹಿಂದಿನಿಂದ ತುಂಬುವ ಬಂದೂಕು ಹಿಡಿದ ಅಮೆರಿಕದ ತಂಡ ಬಾಯಿಂದ ತುಂಬುವ ಬಂದೂಕಿನ ಐರಿಷ್ ತಂಡವನ್ನು 934ಕ್ಕೆ 931ರಂತೆ ಸೋಲಿಸಿತು. ಮೂರೇ ಅಂಕದ ಅಂತರ! ಅಲ್ಲಿಂದ ಮುಂದೆ ಹೊಚ್ಚಹೊಸ ಕೊಳವೆಯನ್ನೂ ಹಾಗೆಯೇ ನಂಬದ ಪದ್ಧತಿ ಬೆಳೆಯಿತು. ಸಾಗಣೆಯಲ್ಲಿ ಕೊಳವೆಗಳು ಒಂದಕ್ಕೊಂದು ಬಡಿದು ಬಾಯಿ ಸೊಟ್ಟಗಾಗಿರುತ್ತದೆ, ಅದನ್ನು ಅಚ್ಚಿನಲ್ಲಿ ದುಂಡಗೆ ಮಾಡಬೇಕು. ಉದ್ದದ ಅಲ್ಪ ವ್ಯತ್ಯಾಸವನ್ನು ಕತ್ತರಿಸಿ ಸರಿದೂಗಿಸಬೇಕು, ಬಾಯಿಯ ಅಂಚನ್ನು ಗುಂಡು ತರಚದಂತೆ ಓರೆಯಾಗಿ ಸವರಬೇಕು. ಕಾರ್ಖಾನೆಯಲ್ಲಿ ಕಿಡಿಯ ತೂತನ್ನು ಕೊರೆಯುವ ಬದಲು ಚುಚ್ಚಿ ಮಾಡಿದ್ದರೆ ಒಳಗಡೆ ಸಿಬಿರು ಎದ್ದಿರುತ್ತದೆ. ಅದು ಉರಿಯನ್ನು ಓರೆ ಮಾಡುತ್ತದೆಂದು ಪುಟ್ಟ ಬೈರಿಗೆಯಿಂದ ತೆಗೆಯುತ್ತಾರೆ. ಕಟ್ಟುನಿಟ್ಟಿನವರು ಒಂದೊಂದನ್ನೂ ತೂಗಿ ಬೇರ್ಪಡಿಸುತ್ತಾರೆ.

ಹಲವು ಸಲ ಹಾರಿಸಿ ಒತ್ತಿದ ಕತ್ತು ಮತ್ತೆ ಗಡುಸಾಗಿ ಸೀಳತೊಡಗುತ್ತದೆ. ಆಗ ಕಾರ್ಖಾನೆಯ ಕೊನೆಯ ಜ್ವಾಲೆಯನ್ನೇ ಮತ್ತೆ ಕೊಡಬೇಕು. ಬುಡಕ್ಕೆ ಕಾವು ಇಳಿದರೆ ಅದು ಒತ್ತಡ ತಡೆಯದೆ ಒಡೆದು ಹಾರಿಸುವವನನ್ನೇ ಗಾಯಗೊಳಿಸೀತು. ಬುಡವನ್ನು ನೀರಿನಲ್ಲಿ ನಿಲ್ಲಿಸಿ ಕತ್ತಿಗಷ್ಟೇ ಬೆಂಕಿ ತೋರಿಸುವ ಹಳೆಯ ವಿಧಾನ ಹುಟ್ಟಿದ್ದು ಇದಕ್ಕಾಗಿಯೇ. ಜ್ವಾಲೆ ತಾಗಿದಲ್ಲಿ ನೀಲಿ–ಕಂದು ಬಣ್ಣದ ಕಲೆ ಕಟ್ಟುತ್ತದೆ. ಮಾರಾಟದ ತೋಟಾಗಳಲ್ಲಿ ಬಹಳಷ್ಟು ತಯಾರಕರು ಅದನ್ನು ಹೊಳಪಿಗಾಗಿ ತಿಕ್ಕಿ ತೆಗೆಯುತ್ತಾರೆ. ಸೈನ್ಯದ ತೋಟಾಗಳಲ್ಲಿ, ಕತ್ತು ಹದಗೊಂಡಿದೆಯೆಂದು ಪರೀಕ್ಷಕನಿಗೆ ಕಾಣಲೆಂದು, ಹಾಗೆಯೇ ಬಿಡುತ್ತಾರೆ.