ಪಟ್ಟಣಸ್ವಾಮಿಯಿಂದ ಪುರಸಭಾಧ್ಯಕ್ಷರವರೆಗೆ: ಜಮಖಂಡಿ ಸೀಮೆಯ ಒಂದು ಪದವಿ

ಮೇಯರ್ ಎಂಬ ಪದವಿ ಮದರಾಸಿಗೆ 1688ರಲ್ಲಿಯೇ ಬಂದಿತು. ಮುಂಬಯಿ ನಗರಸಭೆಯ ಅಧ್ಯಕ್ಷರು ಆ ಹೆಸರಿನಿಂದ ಕರೆಯಿಸಿಕೊಂಡುದು 1931ರಲ್ಲಿ. ಕೃಷ್ಣಾ-ಘಟಪ್ರಭೆಗಳ ನಡುವಣ ಜಮಖಂಡಿ ಸೀಮೆಯ ಊರುಗಳಿಗೆ ಅದು ಬರಲೇ ಇಲ್ಲ. ಹಾಗೆಂದು ಊರಾಳಿಕೆಯ ಕಲ್ಪನೆ ಇಲ್ಲಿಗೆ ಹೊಸತೇನೂ ಆಗಿರಲಿಲ್ಲ. ಈ ಭಾಗದ ಆಡುಮಾತಿನಲ್ಲಿ ‘ದೈವ’ವೆಂದರೆ ದೇವರು ಮಾತ್ರವಲ್ಲ, ಊರ ಹಿರಿಯರು ಕೂಡಿದ ಸಭೆಯೂ ಹೌದು. ಶಾಸನಗಳಲ್ಲಿ ಪಟ್ಟಣಸ್ವಾಮಿಯ ಹೆಸರು ಬರುತ್ತದೆ. 11ನೆಯ ಶತಮಾನದ ಹೊಂಬುಜದಲ್ಲಿ ವೀರಸಾಂತರನ ಕಾಲಕ್ಕೆ ಬಸದಿ ಕಟ್ಟಿಸಿದ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ ಜೈನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತನೇ. ಆದರೆ ಅವನನ್ನು ಆಧುನಿಕ ಮೇಯರನ ಪೂರ್ವಜನೆಂದು ಕೊಂಡಾಡುವುದು ಸಲ್ಲದು. ಅವನ ಗೌರವ ಸಂಪತ್ತಿನಿಂದಲೂ ಅರಸನ ಮನ್ನಣೆಯಿಂದಲೂ ಬಂದುದು, ಮತದಿಂದಲ್ಲ.

20ನೆಯ ಶತಮಾನದ ಆರಂಭದಲ್ಲಿ ಈ ಸೀಮೆಯ ಭೂಪಟ ವಿಚಿತ್ರವಾಗಿತ್ತು. ಜಮಖಂಡಿ ಪಟವರ್ಧನರದು, ರನ್ನನ ಊರಾದ ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದುದು, ಬೀಳಗಿ ಮಾತ್ರ ನೇರ ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ಹಗಲಿನ ಬಂಡಿಪಯಣದಲ್ಲಿ ಪ್ರಯಾಣಿಕನು ಎರಡು ಮೂರು ಸರಕಾರಗಳನ್ನು ದಾಟಬಹುದಿತ್ತು. 1882ರ ರಿಪ್ಪನ್ ನಿರ್ಣಯವು ಸ್ಥಳೀಯ ಸ್ವಯಮಾಡಳಿತವನ್ನು ರಾಜಕೀಯ ಶಿಕ್ಷಣದ ಸಾಧನವೆಂದು ಸಾರಿತು. ಅದು ಬ್ರಿಟಿಷ್ ಭಾರತಕ್ಕೆ ಅನ್ವಯಿಸಿದ ಮಾತು. ಸಂಸ್ಥಾನದೊಳಗೆ ಪುರಸಭೆಗೆ ಎಷ್ಟು ಅಧಿಕಾರವೆಂಬುದು ಅರಸನ ಒಲವನ್ನು ಅವಲಂಬಿಸಿತ್ತು. ಜನರ ಮಾತು ಕನ್ನಡ, ಪಟವರ್ಧನರ ದರಬಾರಿನದು ಮರಾಠಿ.

ಈ ಹಿನ್ನೆಲೆಯಲ್ಲಿಯೇ ಬಸಪ್ಪ ದಾನಪ್ಪ ಜತ್ತಿಯವರ ಬಾಳನ್ನು ನೋಡಬೇಕು. 1912ರ ಸೆಪ್ಟೆಂಬರ್ 10ರಂದು ಜಮಖಂಡಿ ಬಳಿಯ ಸಾವಳಗಿಯಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಕಾನೂನು ಓದಿ, ತಮ್ಮೂರ ಕಡೆಗೇ ವಕೀಲರಾಗಿ ಮರಳಿದರು. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಬಳಿಕ ಸಂಸ್ಥಾನದ ವಿಧಾನಸಭೆ, ಮಂತ್ರಿಪದವಿ, 1948ರಲ್ಲಿ ಸಂಸ್ಥಾನದ ಮುಖ್ಯಮಂತ್ರಿ ಸ್ಥಾನ. ಅದೇ ವರ್ಷ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಏರಿದ ಗದ್ದುಗೆಯೇ ಇಲ್ಲವಾದಾಗ ಜತ್ತಿಯವರು ಮತ್ತೆ ಕರಿಕೋಟು ತೊಟ್ಟು ನ್ಯಾಯಾಲಯಕ್ಕೆ ನಡೆದರು. ಮೈಸೂರು ರಾಜ್ಯದ ಮುಖ್ಯಮಂತ್ರಿ (1958–62), ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ ಎಂಬ ಮುಂದಿನ ಪದವಿಗಳು ಎಲ್ಲರಿಗೂ ತಿಳಿದವು.

ಅವರ ಪರಿಚಯಲೇಖನಗಳಲ್ಲಿ ಪುರಸಭೆಗೆ ದೊರೆಯುವುದು ಸಾಮಾನ್ಯವಾಗಿ ಒಂದೇ ಸಾಲು. ನನಗೆ ಆ ಸಾಲೇ ಮುಖ್ಯವೆನಿಸುತ್ತದೆ. ಅರಸನ ಪ್ರಜೆಯಾಗಿದ್ದವನು ನಾಗರಿಕನಾಗಿ ಮಾತಾಡಲು ಮೊದಲು ದೊರೆತ ಸ್ಥಳ ಅದು; ನೀರು, ಚರಂಡಿ, ಬೀದಿದೀಪಗಳ ಚರ್ಚೆಯಲ್ಲಿ ಆಳುವ ವಿದ್ಯೆಯನ್ನು ಕಲಿಯುವ ಸ್ಥಳ. ಸಂಸ್ಥಾನಗಳ ಇತಿಹಾಸವನ್ನು ವಂಶಾವಳಿಯಿಂದ ಬರೆಯುವ ನಮ್ಮ ರೂಢಿಯಲ್ಲಿ ಇಂಥ ಸಭೆಗಳು ಮರೆಯಾಗುತ್ತವೆ. ಪಟ್ಟಕ್ಕೆ ಬಂದ ಅರಸರ ತಿಥಿ-ವಾರಗಳನ್ನು ಹುಡುಕುವ ಸಂಶೋಧಕನು ಪುರಸಭೆಯ ನಡಾವಳಿ ಪುಸ್ತಕವನ್ನು ಕೇಳುವುದು ಅಪರೂಪ.

1968ರಲ್ಲಿ ಜತ್ತಿಯವರು ಪುದುಚೇರಿಯ ಉಪರಾಜ್ಯಪಾಲರಾಗಿ ಹೋದರು. ಫ್ರೆಂಚರು 1880ರಲ್ಲಿ ಅಲ್ಲಿ ಪುರಸಭೆಗಳನ್ನು ಸ್ಥಾಪಿಸಿ, ಅವುಗಳ ಮುಖ್ಯಸ್ಥರನ್ನು ಮೇಯರ್ ಎಂದೇ ಕರೆದಿದ್ದರು. ಜಮಖಂಡಿಯ ಹಳೆಯ ಪುರಸಭಾಧ್ಯಕ್ಷರು ಅಧಿಕಾರ ವಹಿಸಿಕೊಂಡಾಗಲೂ ಆ ಪದವಿ ಅಲ್ಲಿ ಬಳಕೆಯಲ್ಲಿತ್ತು.