ಕುಂಕುಮ: ಹೆಸರು ಒಂದು, ವಸ್ತು ಹಲವು

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆ ಯಾರ ಮನೆಗೆ ಹೋದರೂ ಹೊರಡುವಾಗ ಹೆಂಗಸರಿಗೆ ಕುಂಕುಮ ಕೊಟ್ಟೇ ಕಳಿಸುವುದು. ಪೊಳಲಿ ರಾಜರಾಜೇಶ್ವರಿಯ ಪ್ರಸಾದ ಅಂದರೂ ಮೊದಲು ನೆನಪಾಗುವುದು ಕುಂಕುಮವೇ. ಇಷ್ಟು ಬಳಕೆಯ ಪದದ ಅರ್ಥ ಏನು ಅಂತ ಕೇಳಿದರೆ "ಹಣೆಗಿಡುವ ಕೆಂಪು ಹುಡಿ, ಅದರಲ್ಲಿ ಕೇಳುವುದೇನಿದೆ?" ಅಂತೀರಿ. ನಾನೂ ಹಾಗೇ ಅಂದುಕೊಂಡು ಹುಡುಕಲು ಕೂತೆ. ಪದ ನನ್ನನ್ನು ಸೀದಾ ಕಾಶ್ಮೀರಕ್ಕೆ ಕರೆದುಕೊಂಡು ಹೋಯಿತು!

ಸಂಸ್ಕೃತದಲ್ಲಿ ಕುಂಕುಮ ಅಂದರೆ ಹುಡಿಯಲ್ಲ, ಕೇಸರಿ. ಅದೇ, ಪಾಯಸಕ್ಕೆ ನಾಲ್ಕೇ ನಾಲ್ಕು ಎಳೆ ಹಾಕಿ ಡಬ್ಬಿ ಮುಚ್ಚಿಡುತ್ತೇವಲ್ಲ, ಆ ಕೇಸರಿ. ಅಮರಕೋಶದಲ್ಲಿ ಕುಂಕುಮಕ್ಕೆ ಕೊಟ್ಟಿರುವ ಹೆಸರುಗಳನ್ನು ನೋಡಿ. ಕಾಶ್ಮೀರಜನ್ಮ, ಅಂದರೆ ಕಾಶ್ಮೀರದಲ್ಲಿ ಹುಟ್ಟಿದ್ದು. ಬಾಹ್ಲೀಕ, ಅಂದರೆ ಈಗಿನ ಅಫ್ಘಾನಿಸ್ತಾನದ ಬಲ್ಖ್ ಕಡೆಯದು. ಜೊತೆಗೆ ಪೀತನ ಅಂತಲೂ ಇದೆ, ರಕ್ತ ಅಂತಲೂ ಇದೆ. ಒಂದೇ ವಸ್ತು ಹಳದಿಯೂ ಹೌದು, ಕೆಂಪೂ ಹೌದು! ಇದರಲ್ಲಿ ವಿರೋಧವೇನಿಲ್ಲ. ಕೇಸರಿಯ ಎಳೆ ಕೆಂಪು, ಅದನ್ನು ನೀರಿಗೋ ಹಾಲಿಗೋ ಹಾಕಿದರೆ ಬಿಡುವ ಬಣ್ಣ ಹಳದಿ.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದಿಂದ ಹೊರಟ ಬಿಲ್ಹಣ ಕವಿ ಕೊನೆಗೆ ನೆಲೆ ನಿಂತದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಆಸ್ಥಾನದಲ್ಲಿ. ಕುಂಕುಮವೂ ಕಾವ್ಯವೂ ಕಾಶ್ಮೀರದಲ್ಲಿ ಒಡಹುಟ್ಟಿದವು ಎಂಬ ಅರ್ಥದ ಮಾತನ್ನು ಆತ ತನ್ನ 'ವಿಕ್ರಮಾಂಕದೇವಚರಿತ'ದಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ಹಣೆಯ ಕುಂಕುಮ ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಆ ಮಾತಿಗೆ ತಲೆಬುಡ ಇಲ್ಲ. ಹಳೆಯ ಕಾವ್ಯಗಳಲ್ಲಿ, ಸ್ತೋತ್ರಗಳಲ್ಲಿ ಮೈಗೆ ಕುಂಕುಮದ ಲೇಪ ಹಚ್ಚುವ ಮಾತು ಬಂದಾಗಲೂ ಅಷ್ಟೇ, ಅಲ್ಲಿರುವುದು ಅರೆದ ಕೇಸರಿ. ಆಯುರ್ವೇದದ ಕುಂಕುಮಾದಿ ತೈಲದ ಕುಂಕುಮವೂ ಕೇಸರಿಯೇ. ಹೆಸರು ನಂಬಿ ಹಣೆಯ ಕುಂಕುಮವನ್ನು ಎಣ್ಣೆಗೆ ಹಾಕಿ ಮುಖಕ್ಕೆ ಹಚ್ಚಿಕೊಂಡೀರಿ, ಜೋಕೆ!

ಹಾಗಾದರೆ ಕೇಸರಿಯ ಹೆಸರು ಹುಡಿಗೆ ಬಂದದ್ದು ಹೇಗೆ? ಒಂದು ಗ್ರಾಂ ಕೇಸರಿಗೆ ಸುಮಾರು 150 ಹೂ ಬೇಕು, ಒಂದು ಹೂವಿನಲ್ಲಿ ಮೂರೇ ಎಳೆ. ಇಷ್ಟು ದುಬಾರಿಯಾದದ್ದು ಮನೆಮನೆಯ ದಿನನಿತ್ಯದ ಹಣೆಗೆ ಒದಗುವುದುಂಟೇ? ಅರಸಿನವಾದರೋ ನಮ್ಮ ಹಿತ್ತಲಲ್ಲೇ ಇದೆ. ಸುಣ್ಣ ಎಲೆಯಡಿಕೆ ತಟ್ಟೆಯಲ್ಲೇ ಇದೆ. ಅರಸಿನಕ್ಕೆ ಸುಣ್ಣ ತಾಗಿದರೆ ಕೆಂಪು. ಲಿಂಬೆರಸ, ಬಿಳಿಗಾರ ಸೇರಿಸಿ ಒಣಗಿಸಿ ಕುಟ್ಟಿದರೂ ಕೆಂಪು ಹುಡಿ ಸಿದ್ಧ. ಕೇಸರಿ ಕೆಂಪಾಗಿದ್ದು ಹಳದಿ ಬಣ್ಣ ಕೊಡುತ್ತದೆ, ಅರಸಿನ ಹಳದಿಯಾಗಿದ್ದು ಕೆಂಪು ಕೊಡುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಬಂದು ಕೂತಿತು, ಹೆಸರು ಮಾತ್ರ ಹಳೆಯದೇ ಉಳಿಯಿತು ಅಂತ ನನ್ನ ಅನಿಸಿಕೆ.

ತಮಾಷೆ ಏನೆಂದರೆ, ಇಂಥದ್ದೇ ಅದಲುಬದಲು ಪಶ್ಚಿಮದಲ್ಲೂ ಆಗಿದೆ. ಹೀಬ್ರೂ ಭಾಷೆಯಲ್ಲಿ ಕೇಸರಿಗೆ 'ಕರ್ಕೋಮ್' ಅನ್ನುತ್ತಾರೆ, ಬೈಬಲ್ಲಿನ ಪರಮಗೀತೆಯಲ್ಲಿ ಆ ಪದ ಬರುತ್ತದೆ. ಅದರ ಬಂಧು ಅರಬಿಯ 'ಕುರ್ಕುಮ್', ಅದು ಅರಸಿನಕ್ಕೆ ಹೆಸರಾಯಿತು. ಅಲ್ಲಿಂದ ಲ್ಯಾಟಿನ್ನಿಗೆ ಹೋಗಿ, 1753ರಲ್ಲಿ ಲಿನೇಯಸ್ ಅರಸಿನ ಗಿಡಕ್ಕೆ ಇಟ್ಟ ಹೆಸರು 'ಕುರ್ಕುಮಾ ಲೋಂಗಾ'. ನಮ್ಮ ಕುಂಕುಮವೂ ಇದೇ ಬಳಗದ ಪದ ಇರಬೇಕು ಅನ್ನುವವರಿದ್ದಾರೆ. ಇಲ್ಲೂ ಅಲ್ಲೂ ಕೇಸರಿಯ ಹೆಸರು ಹೊತ್ತುಕೊಂಡು ಓಡಿದ್ದು ಅರಸಿನವೇ!

ಇನ್ನು ನಮ್ಮೂರಿನ ಮಾತು. ಹೆಸರು ಕಾಶ್ಮೀರದ್ದಾದರೆ ಆ ಕೆಂಪೂ ಹೊರಗಿನಿಂದ ಬಂತೇ? ಇಲ್ಲ ಅನ್ನುವುದಕ್ಕೆ ತುಳುವಿನಲ್ಲೇ ಒಂದು ಪದವಿದೆ: ಕುರ್ದಿ. ಅರಸಿನ, ಸುಣ್ಣ ಕಲಸಿದ ಕೆಂಪು ನೀರು. ಮದುಮಕ್ಕಳಿಗೆ ಆರತಿ ಎತ್ತುವುದು ಇದರಿಂದ, ದೃಷ್ಟಿ ತೆಗೆಯುವುದು ಇದರಿಂದ, ಭೂತಕ್ಕೆ ಬಳಸುವುದೂ ಇದನ್ನೇ. ಘಟ್ಟದ ಮೇಲಿನವರು ಇದನ್ನೇ ಓಕುಳಿ ಅನ್ನುತ್ತಾರೆ. ತಮಿಳಿನಲ್ಲಿ 'ಕುರುದಿ' ಅಂದರೆ ರಕ್ತ. ಮಲಯಾಳದಲ್ಲಿ 'ಗುರುತಿ' ಅಂದರೆ ದೇವಿಗೆ ರಕ್ತದ ಬದಲಿಗೆ ಅರ್ಪಿಸುವ ಅರಸಿನ ಸುಣ್ಣದ ನೀರು. ಅಂದರೆ ಈ ಕೆಂಪಿಗೆ ದ್ರಾವಿಡ ಭಾಷೆಗಳಲ್ಲಿ ಸ್ವಂತ ಹೆಸರೇ ಇತ್ತು, ಅದರ ಹಿಂದೆ ರಕ್ತದ ನೆನಪಿತ್ತು. ಕುಂಕುಮಕ್ಕೆ ದೇವಸ್ಥಾನದ, ಕಾವ್ಯದ ಗೌರವ ಸಿಕ್ಕಿತು. ಕುರ್ದಿ ಬಟ್ಟಲಿನಲ್ಲೇ ಉಳಿಯಿತು. ವಸ್ತು ಮಾತ್ರ ಎರಡರಲ್ಲೂ ಅದೇ ಅರಸಿನ.

ಉಳಿದದ್ದು ಈ ಕಾಲದ ಕಥೆ. ಈಗ ಅಂಗಡಿಯಲ್ಲಿ ಕುಂಕುಮದ ಹೆಸರಲ್ಲಿ ಸಿಗುವ ಎಲ್ಲವೂ ಅರಸಿನದ್ದಲ್ಲ, ಬಣ್ಣ ಬೆರೆಸಿದ ಬರೇ ಹುಡಿಯೂ ಇದೆ. ಬೈತಲೆಗಿಡುವ ಸಿಂಧೂರದ ಕಥೆ ಇನ್ನೂ ಗಂಭೀರ. 2017ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು ಅಮೆರಿಕ ಮತ್ತು ಭಾರತದ ಅಂಗಡಿಗಳಿಂದ ತಂದ 118 ಸಿಂಧೂರದ ಮಾದರಿ ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಸೀಸ ಸಿಕ್ಕಿತ್ತು. ಸೀಸ ಮಕ್ಕಳ ಮಿದುಳಿಗೆ ವಿಷ. ಕೇಸರಿಯ ಜಾಗಕ್ಕೆ ಅರಸಿನ ಬಂದಾಗ ಯಾರಿಗೂ ನಷ್ಟವಾಗಲಿಲ್ಲ, ಬಡವರ ಹಣೆಗೂ ಕುಂಕುಮ ಸಿಕ್ಕಿತು. ಆದರೆ ಅರಸಿನದ ಜಾಗಕ್ಕೆ ಬಂದದ್ದು ಏನು ಅಂತ ಪ್ಯಾಕೆಟ್ ನೋಡಿ ಹೇಳಲಾಗುವುದಿಲ್ಲ. ಹೆಸರು ಅದೇ ಇರುವುದರಿಂದ ನಾವು ಕೇಳುವುದೂ ಇಲ್ಲ.

ಪುಟ್ಟ ಮಕ್ಕಳಿದ್ದ ಮನೆಯವರು ಒಮ್ಮೆ ಕೇಳಿ ನೋಡಿ. ಅಂದ ಹಾಗೆ, ನಿಮ್ಮೂರಲ್ಲಿ ಈ ಅರಸಿನ ಸುಣ್ಣದ ಕೆಂಪು ನೀರಿಗೆ ಏನಂತಾರೆ? ಕುರ್ದಿಯೋ, ಓಕುಳಿಯೋ, ಬೇರೇನೋ? ಗೊತ್ತಿದ್ದರೆ ತಿಳಿಸಿ.